ಅಜ್ಜನ ವಾಲ್ವ್ ರೇಡಿಯೊ: ಪ್ಲಗ್ ಹಾಕುವ ಮುಂಚೆ

ಪ್ರಶ್ನೆ: ಸಾಗರ ತಾಲ್ಲೂಕಿನ ನಮ್ಮ ಹಳೆಮನೆಯ ಅಟ್ಟದಲ್ಲಿ ಅಜ್ಜನ ಫಿಲಿಪ್ಸ್ ರೇಡಿಯೊ ಸಿಕ್ಕಿದೆ. ಮರದ ಪೆಟ್ಟಿಗೆ, ಮುಂದೆ ಬಟ್ಟೆ, ಕೆಳಗೆ ಗಾಜಿನ ಡಯಲ್, ಮೂಲೆಯಲ್ಲಿ ನಿಲಯ ಸರಿಯಾಗಿ ಹಿಡಿದಿದೆಯೇ ಎಂದು ತೋರಿಸುವ ಹಸಿರು ಕಣ್ಣು. ಹಿಂದಿನ ರಟ್ಟನ್ನು ಒರಲೆ ಅರ್ಧ ತಿಂದಿದೆ. ಮಾಡೆಲ್ ನಂಬರಿನ ಕೊನೆಯ ಅಕ್ಷರ ‘ಎ’ ಎಂದಷ್ಟೇ ಓದಲು ಬರುತ್ತದೆ. ಒಳಗಿನ ಗಾಜಿನ ಬುರುಡೆಗಳಾದ ವಾಲ್ವ್‌ಗಳ ಮೇಲೆ ಇಸಿಎಚ್81, ಇಎಫ್89, ಇಬಿಸಿ81, ಇಎಲ್84, ಇಝಡ್80, ಇಎಂ81 ಎಂದಿದೆ. ಎಲ್ಲ ಫಿಲಿಪ್ಸ್, ಇಎಲ್84 ಮಾತ್ರ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್). ಜೊತೆಗೆ ಅಂಚೆ ಕಚೇರಿಯ ಲೈಸೆನ್ಸ್ ಪುಸ್ತಕವೂ ಇದೆ. ಮೂವತ್ತೈದು ವರ್ಷಗಳಿಂದ ಯಾರೂ ಹಾಕಿಲ್ಲ. ಊರಿನ ಎಲೆಕ್ಟ್ರಿಷಿಯನ್ ‘ಪ್ಲಗ್ ಹಾಕಿ ನೋಡೋಣ, ಹಾಡದಿದ್ದರೆ ಒಳಗಿನದ್ದೆಲ್ಲ ತೆಗೆದು ಬ್ಲೂಟೂತ್ ಕಿಟ್ ಕೂರಿಸುವಾ’ ಅನ್ನುತ್ತಾರೆ. ಇನ್ನೊಬ್ಬರು ಬಂದು, ವಾಲ್ವ್‌ನೊಳಗೆ ಕೆಂಪು ಪಾದರಸ ಇದೆ, ಲಕ್ಷಗಟ್ಟಲೆ ಸಿಗುತ್ತದೆ, ಬಿಚ್ಚಿ ಕೊಡಿ ಎಂದು ಎರಡು ಸಲ ಕೇಳಿಹೋದರು. ಅಮ್ಮನಿಗೆ ಈಗ 78. ರೇಡಿಯೊ ಮನೆಗೆ ಬಂದ ದಿನ ಅವರಿಗೆ ನೆನಪಿದೆ. ಇದನ್ನು ಹಾಡಿಸಬಹುದೇ? ದಾಖಲೆ ಮಾಡಿಡಬೇಕೆಂದರೆ ಏನೇನು ಬರೆದಿಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಟ್ಟಿಗೆ ಇವೆ. ಒಂದು, ಸೆಟ್ ಹಾಡುತ್ತದೋ ಇಲ್ಲವೋ. ಇನ್ನೊಂದು, ಅದರ ಕಥೆ ಉಳಿಯುತ್ತದೋ ಇಲ್ಲವೋ. ಮೊದಲನೆಯದಕ್ಕೆ ಅವಸರವಿಲ್ಲ. ಎರಡನೆಯದಕ್ಕೆ ಇದೆ. ಹಳೆಯ ರೇಡಿಯೊದಿಂದ ತಿಳಿಯಬಹುದಾದ ಸಂಗತಿಗಳಲ್ಲಿ ಹೆಚ್ಚಿನವು ಕಳೆದುಹೋಗುವುದು ಮೂವತ್ತೈದು ವರ್ಷ ಅಟ್ಟದಲ್ಲಿ ಕೂತಾಗ ಅಲ್ಲ, ಕೆಳಗಿಳಿಸಿದ ಮೊದಲ ದಿನ ಉತ್ಸಾಹದಿಂದ ಒರೆಸಿ, ಬಿಚ್ಚಿ, ಪ್ಲಗ್ ಹಾಕಿದಾಗ. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ದಾಖಲೆ, ಆಮೇಲೆ ವಿದ್ಯುತ್ ಹಿಡಿದಿಡುವ ಕೆಲವೇ ಕೆಲವು ಕಂಡೆನ್ಸರ್‌ಗಳ ಬದಲಾವಣೆ, ಕೊನೆಗೆ ಕರೆಂಟು.

ಕೆಂಪು ಪಾದರಸದ ಮಾತನ್ನು ಮೊದಲು ಮುಗಿಸುತ್ತೇನೆ. ಅಂಥ ವಸ್ತುವೇ ಇಲ್ಲ. ವಾಲ್ವ್‌ನ ಗಾಜಿನ ನೆತ್ತಿಯಲ್ಲಿ ಒಳಗಿನಿಂದ ಬೆಳ್ಳಿ ಬಳಿದ ಹಾಗೆ ಕಾಣುವುದು ಬೇರಿಯಂ ಲೇಪ. ವಾಲ್ವ್ ತಯಾರಿಸುವಾಗ ಗಾಳಿಯನ್ನು ಪಂಪಿನಿಂದ ತೆಗೆದ ಮೇಲೂ ಉಳಿದ ಚೂರುಪಾರು ಅನಿಲವನ್ನು ಹೀರಿಕೊಳ್ಳಲೆಂದು ಅದನ್ನು ಒಳಗೇ ಆವಿ ಮಾಡಿ ಗಾಜಿಗೆ ಅಂಟಿಸಿರುತ್ತಾರೆ. ಅದಕ್ಕೆ ಗೆಟರ್ ಎನ್ನುತ್ತಾರೆ. ಮಾರಿದರೆ ಬೆಲೆಯಿಲ್ಲ, ನಿಮಗೆ ಮಾತ್ರ ಬಹಳ ಉಪಯೋಗ: ಗೆಟರ್ ಬೆಳ್ಳಿಯಾಗಿ ಹೊಳೆಯುತ್ತಿದ್ದರೆ ಒಳಗೆ ನಿರ್ವಾತ ಇದೆ, ಹಾಲಿನಂತೆ ಬೆಳ್ಳಗಾಗಿದ್ದರೆ ಗಾಜು ಬಿರುಕುಬಿಟ್ಟು ಗಾಳಿ ಹೊಕ್ಕಿದೆ, ಆ ವಾಲ್ವ್ ಸತ್ತಿದೆ. ‘ಬಿಚ್ಚಿ ಕೊಡಿ’ ಎಂದವರಿಗೆ ಒಂದು ವಾಲ್ವನ್ನೂ ಕೊಡಬೇಡಿ. ಅವರು ಪರೀಕ್ಷೆಗೆಂದು ಗಾಜು ಒಡೆದರೆ ಮುಗಿಯಿತು.

ಎಲೆಕ್ಟ್ರಿಷಿಯನ್ ಹೇಳಿದ ‘ಪ್ಲಗ್ ಹಾಕಿ ನೋಡೋಣ’ ಇದಕ್ಕಿಂತ ಅಪಾಯದ ಮಾತು, ಏಕೆಂದರೆ ಅದು ಒಳ್ಳೆಯ ಮನಸ್ಸಿನಿಂದ ಬಂದದ್ದು. ಅದೇಕೆ ಅಪಾಯ ಎನ್ನುವುದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮುಂಚೆ ನಿಮ್ಮ ಸೆಟ್ ಯಾವುದು ಎಂದು ತಿಳಿಯೋಣ.

ಸೆಟ್ಟಿನ ಗುರುತು

ಫಿಲಿಪ್ಸ್ ಮಾಡೆಲ್ ನಂಬರಿನ ಕೊನೆಯಲ್ಲಿ ‘ಎ’ ಇದ್ದರೆ ಎ.ಸಿ. ಕರೆಂಟಿಗೆ ಮಾತ್ರ, ಒಳಗೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ‘ಯು’ ಇದ್ದರೆ ಎ.ಸಿ.–ಡಿ.ಸಿ. ಎರಡಕ್ಕೂ, ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒರಲೆ ತಿಂದ ರಟ್ಟಿನ ಒಂದು ಅಕ್ಷರವನ್ನೇ ನಂಬಬೇಕಾಗಿಲ್ಲ. ವಾಲ್ವ್‌ಗಳೂ ಅದನ್ನೇ ಹೇಳುತ್ತಿವೆ. ಹೆಸರು ‘ಇ’ಯಿಂದ ಶುರುವಾದರೆ ಹೀಟರ್ (ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿ) 6.3 ವೋಲ್ಟ್‌ನದು, ಎಲ್ಲವನ್ನೂ ಟ್ರಾನ್ಸ್‌ಫಾರ್ಮರ್‌ಗೆ ಪ್ಯಾರಲಲ್ ಜೋಡಿಸಿರುತ್ತಾರೆ. ‘ಯು’ನಿಂದ ಶುರುವಾದರೆ ಹೀಟರ್‌ಗಳೆಲ್ಲ 100 ಮಿಲಿಆಂಪಿಯರ್‌ನವು, ದೀಪಾವಳಿಯ ಲೈಟಿನ ಸರದಂತೆ ಒಂದರ ಹಿಂದೆ ಒಂದು. ನಿಮ್ಮ ಆರೂ ‘ಇ’. ಹಾಗಾಗಿ ಇದು ಟ್ರಾನ್ಸ್‌ಫಾರ್ಮರ್ ಇರುವ ಸೆಟ್. ನೆಮ್ಮದಿಯ ಸುದ್ದಿ.

ಇದನ್ನು ಓದುತ್ತಿರುವ ಬೇರೆಯವರ ಮನೆಯಲ್ಲಿ ‘ಯು’ ಸೆಟ್ ಇರಬಹುದು. ಅವರಿಗೊಂದು ಮಾತು. ಅದರಲ್ಲಿ ಮೇನ್ಸ್‌ನ ಒಂದು ತಂತಿ ಭಾಗಗಳನ್ನೆಲ್ಲ ಕೂರಿಸಿದ ಲೋಹದ ತಟ್ಟೆಗೆ, ಅಂದರೆ ನೇರ ಚಾಸಿಗೇ ಸೇರಿರುತ್ತದೆ. ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಇಡೀ ಚಾಸಿಯಲ್ಲಿ 230 ವೋಲ್ಟ್. ಗುಬುಟನ್ನು (ನಾಬ್) ಹಿಡಿದಿರುವ ಸಣ್ಣ ತಿರುಪಿನ ತಲೆಯೂ ಚಾಸಿಯೇ. ಕಂಪನಿಯವರು ಆ ಗುಂಡಿಯೊಳಗೆ ಮೇಣ ತುಂಬಿ ಮುಚ್ಚಿದ್ದು ಬೆರಳು ತಾಗದಿರಲಿ ಎಂದೇ. ಆ ಮೇಣ ಉದುರಿದ್ದರೆ ಮತ್ತೆ ತುಂಬಿ. ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅಂಥ ಸೆಟ್ಟಿನ ಒಳಗೆ ಕೈಹಾಕಬೇಡಿ. ವೇರಿಯಾಕ್ ಇದ್ದರೆ ಸಾಲದು, ಅದು ವೋಲ್ಟೇಜ್ ಇಳಿಸುತ್ತದೆಯೇ ಹೊರತು ಮೇನ್ಸ್‌ನಿಂದ ಬೇರ್ಪಡಿಸುವುದಿಲ್ಲ.

ಇನ್ನು ಇಸವಿ. ಈ ಒಂಬತ್ತು ಪಿನ್ನಿನ ವಾಲ್ವ್‌ಗಳ ಗುಂಪು ರೇಡಿಯೊಗಳಲ್ಲಿ ಬಳಕೆಗೆ ಬಂದದ್ದು 1950ರ ದಶಕದ ನಡುವಿನಿಂದೀಚೆಗೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ರಿಸೀವಿಂಗ್ ವಾಲ್ವ್ ತಯಾರಿಸಲು ಶುರುಮಾಡಿದ್ದು 1961ರಲ್ಲಿ. ಹಾಗಾದರೆ ನಿಮ್ಮ ಸೆಟ್ 1961ರ ನಂತರದ್ದೇ? ಇಲ್ಲಿ ಎಡವುವವರು ಬಹಳ. ಇಎಲ್84 ಸ್ಪೀಕರನ್ನು ನಡೆಸುವ ವಾಲ್ವ್, ಇಡೀ ಸೆಟ್ಟಿನಲ್ಲಿ ಹೆಚ್ಚು ಬಿಸಿಯಾಗುವುದು, ಬೇಗ ಸವೆಯುವುದು ಅದೇ. ಉಳಿದ ಐದೂ ಫಿಲಿಪ್ಸ್ ಇದ್ದು ಅದೊಂದೇ ಬಿಇಎಲ್ ಆಗಿರುವುದರಿಂದ, ನಡುವೆ ಯಾರೋ ಬದಲಾಯಿಸಿರುವ ಸಂಭವವೇ ಹೆಚ್ಚು. ಅದರಿಂದ ಖಚಿತವಾಗಿ ಹೇಳಬಹುದಾದದ್ದು ಒಂದೇ, 1961ರ ನಂತರ ಸೆಟ್ಟಿಗೆ ರಿಪೇರಿಯಾಗಿದೆ ಅಥವಾ ಸೆಟ್ಟೇ ಆಮೇಲಿನದು.

ಹೆಚ್ಚು ನಂಬಬಹುದಾದ ಸಾಕ್ಷಿ ಸೆಟ್ಟಿನ ಒಳಗಿದೆ. ದೊಡ್ಡ ಎಲೆಕ್ಟ್ರೊಲಿಟಿಕ್ ಕಂಡೆನ್ಸರಿನ ಡಬ್ಬದ ಮೇಲೆ, ಸ್ಪೀಕರಿನ ಬೆನ್ನಿಗೆ ಹಲವು ಸಲ ತಾರೀಕಿನ ಮೊಹರು ಇರುತ್ತದೆ. ಕಾರ್ಖಾನೆಯ ಮೂಲ ಬೆಸುಗೆ ಕದಲದ ಭಾಗಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಅವುಗಳಲ್ಲಿ ಅತಿ ಈಚಿನ ತಾರೀಕು ಯಾವುದೋ ಅದಕ್ಕಿಂತ ಮುಂಚೆ ಸೆಟ್ ತಯಾರಾಗಿರಲು ಸಾಧ್ಯವಿಲ್ಲ. ಮೂಲ ಬೆಸುಗೆಯಲ್ಲಿ ತಂತಿಯನ್ನು ಟ್ಯಾಗಿಗೆ ಸುತ್ತಿ ಕೊಕ್ಕೆಮಾಡಿ ಬೆಸೆದಿರುತ್ತಾರೆ. ಆಮೇಲಿನ ರಿಪೇರಿಯಲ್ಲಿ ಸಾಮಾನ್ಯವಾಗಿ ಮೇಲಿಂದ ಅಂಟಿಸಿದ ಬೊಟ್ಟು ಕಾಣುತ್ತದೆ.

ಡಯಲ್ ಗಾಜಿನ ಮೇಲಿನ ಊರುಗಳ ಹೆಸರು, ಅಂಕಿಗಳನ್ನೂ ಬರೆದುಕೊಳ್ಳಿ, ಅವೂ ಕಾಲದ ಸುಳಿವು ಕೊಡುತ್ತವೆ. ಮೈಸೂರಿನಲ್ಲಿದ್ದ ನಿಲಯ 1955ರಲ್ಲಿ ಬೆಂಗಳೂರಿಗೆ ಹೋಯಿತು. ಸಿಲೋನ್ ಶ್ರೀಲಂಕಾ ಆದದ್ದು 1972ರಲ್ಲಿ. ಮೀಡಿಯಂ ವೇವ್ ನಿಲಯಗಳನ್ನು 9 ಕಿಲೋಹರ್ಟ್ಸ್ ಅಂತರಕ್ಕೆ ಸರಿಸಿದ್ದು 1978ರ ನವೆಂಬರಿನಲ್ಲಿ. ಈಗಿನ ಬೆಂಗಳೂರಿನ 612 ಕಿಲೋಹರ್ಟ್ಸ್ 9ರ ಗುಣಾಕಾರ. ಮೀಟರಿನಲ್ಲಿ ಗುರುತಿಸಿದ ಡಯಲ್ಲಾದರೆ ಅದನ್ನು 490ರ ಹತ್ತಿರ ಹುಡುಕಬೇಕು. ಆದರೆ ಡಯಲ್ ಗಾಜುಗಳನ್ನು ಒಮ್ಮೆ ಅಚ್ಚುಹಾಕಿಸಿ ಕೆಲವು ವರ್ಷ ಬಳಸುತ್ತಿದ್ದರು, ಹಾಗಾಗಿ ಇದು ಸುಳಿವು ಮಾತ್ರ, ತೀರ್ಪಲ್ಲ.

ಒಂದು ಎಚ್ಚರಿಕೆ: ಆ ಗಾಜಿನ ಹಿಂಬದಿಯನ್ನು ಒರೆಸಬೇಡಿ. ಅಕ್ಷರಗಳನ್ನು ಬಣ್ಣದಲ್ಲಿ ಮುದ್ರಿಸಿರುವುದು ಹಿಂಬದಿಗೆ. ಮಲೆನಾಡಿನ ಥಂಡಿಯಲ್ಲಿ ಅಷ್ಟು ವರ್ಷ ಇದ್ದ ಬಣ್ಣ ಗಾಜನ್ನು ಬಿಟ್ಟು ಬರೀ ಧೂಳಿನ ಆಸರೆಯಲ್ಲಿ ನಿಂತಿರಬಹುದು. ಒದ್ದೆ ಬಟ್ಟೆಯ ಒಂದೇ ಎಳೆತಕ್ಕೆ ‘ಬೆಂಗಳೂರು’, ‘ಮದ್ರಾಸ್’ ಎರಡೂ ಬಟ್ಟೆಗೆ ಬರುತ್ತವೆ. ಮುಂಬದಿಯನ್ನು ಒಣ ಹತ್ತಿಬಟ್ಟೆಯಲ್ಲಿ ಒರೆಸಿ, ಹಿಂಬದಿಗೆ ಮೆತ್ತನೆಯ ಬ್ರಷ್ ಕೂಡ ಬೇಡ. ಮೊದಲು ನೇರ ಎದುರಿನಿಂದ ಸ್ಪಷ್ಟವಾದ ಫೋಟೊ ತೆಗೆದಿಡಿ. ಮುಂದೆ ಅಕ್ಷರ ಉದುರಿದರೂ ಆ ಫೋಟೊದಿಂದ ಮರುಮುದ್ರಣ ಮಾಡಿಸಬಹುದು.

ದಾಖಲೆ

ಒಂದು ಗಟ್ಟಿ ರಟ್ಟಿನ ನೋಟ್‌ಬುಕ್, 2ಬಿ ಪೆನ್ಸಿಲ್, ಮೊಬೈಲ್ ಕ್ಯಾಮೆರಾ, ಒಂದು ಅಳತೆಪಟ್ಟಿ ಸಾಕು. ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ, ಪೆನ್ಸಿಲ್ ಹರಡುವುದಿಲ್ಲ. ಸೆಟ್ಟಿಗೊಂದು ಸಂಖ್ಯೆ ಕೊಡಿ. ಅದನ್ನು ಬಿಳಿ ಹತ್ತಿ ಲಾಡಿಯ ಮೇಲೆ ಬರೆದು ಚಾಸಿಗೆ ಕಟ್ಟಿ. ಪೆಟ್ಟಿಗೆಯ ಮೇಲೆ ಬರೆಯುವುದು, ಸ್ಟಿಕ್ಕರ್ ಅಂಟಿಸುವುದು ಬೇಡ.

ಧೂಳು ಹೊಡೆಯುವ ಮೊದಲೇ ಫೋಟೊ: ನಾಲ್ಕೂ ಬದಿ, ಮೇಲೆ, ಕೆಳಗೆ, ಹಿಂದಿನ ರಟ್ಟು ಇದ್ದಂತೆಯೇ. ರಟ್ಟು ತೆಗೆದ ಮೇಲೆ ಒಳಗಿನ ನೋಟ. ವಾಲ್ವ್‌ಗಳನ್ನು ಕೀಳುವ ಮುಂಚೆ ಯಾವ ಸಾಕೆಟ್ಟಿನಲ್ಲಿ ಯಾವುದಿದೆ ಎಂದು ನಕ್ಷೆ ಬರೆಯಿರಿ. ಇಸಿಎಚ್81, ಇಎಲ್84, ಇಝಡ್80 ಎಲ್ಲಕ್ಕೂ ಒಂಬತ್ತು ಪಿನ್, ಯಾವುದು ಎಲ್ಲಿಯಾದರೂ ಕೂರುತ್ತದೆ. ತಪ್ಪು ಜಾಗಕ್ಕೆ ಹೋದರೆ ಹೈವೋಲ್ಟೇಜ್ ಎಲ್ಲೆಲ್ಲಿಗೋ ಹರಿಯುತ್ತದೆ. ಗಾಜಿನ ಮೇಲಿನ ಬರಹವನ್ನು ಬೆರಳಿನಿಂದ ಉಜ್ಜಬೇಡಿ, ಅದು ಅಳಿಸಿಹೋಗುತ್ತದೆ. ಫಿಲಿಪ್ಸ್ ವಾಲ್ವ್‌ಗಳ ಗಾಜಿನ ತಳದ ಬಳಿ ಎರಡು ಸಾಲಿನ ಸಣ್ಣ ಸಂಕೇತವಿರುತ್ತದೆ. ಕೆಳಸಾಲಿನಲ್ಲಿ ಕಾರ್ಖಾನೆಯ ಗುರುತು, ಇಸವಿಯ ಕೊನೆಯ ಅಂಕಿ, ತಿಂಗಳಿನ ಅಕ್ಷರ. ದಶಕ ಹೇಳುವುದಿಲ್ಲವಾದ್ದರಿಂದ ಬೇರೆ ಸಾಕ್ಷಿಗಳ ಜೊತೆಗಿಟ್ಟು ಓದಬೇಕು.

ಚಾಸಿ ಹೊರತೆಗೆಯುವಾಗ ಗುಬುಟು, ತಳದ ಬೋಲ್ಟು, ವಾಷರ್, ರಬ್ಬರ್ ಮೆತ್ತೆ ಎಲ್ಲವನ್ನೂ ಬೇರೆಬೇರೆ ಜಿಪ್ ಕವರಿಗೆ ಹಾಕಿ, ಎಲ್ಲಿಂದ ಬಂತೆಂದು ಚೀಟಿ ಇಡಿ. ಡಯಲ್ ದಾರ ಯಾವ ರಾಟೆಗೆ ಎಷ್ಟು ಸುತ್ತು, ಯಾವ ದಿಕ್ಕಿಗೆ ಎಂದು ಚಿತ್ರ ಬರೆದುಕೊಳ್ಳಿ. ದಾರ ತುಂಡಾಗಿದ್ದರೂ ರಾಟೆಯ ಮೇಲೆ ಅದರ ಗೆರೆ ಉಳಿದಿರುತ್ತದೆ. ಚಾಸಿಯ ಕೆಳಗಿನ ಫೋಟೊ ಬಹಳ ಮುಖ್ಯ. ಒಂದೊಂದು ಮೂಲೆಯಿಂದ ಕನಿಷ್ಠ ಎರಡೆರಡು ತೆಗೆಯಿರಿ, ಒಂದರಲ್ಲಿ ಮರೆಯಾದ ತಂತಿ ಇನ್ನೊಂದರಲ್ಲಿ ಕಾಣುತ್ತದೆ.

ಲೈಸೆನ್ಸ್ ಪುಸ್ತಕ ನಿಮ್ಮ ಸಂಗ್ರಹದ ಅತ್ಯಮೂಲ್ಯ ಭಾಗ ಎಂದೇ ನನ್ನ ಅಭಿಪ್ರಾಯ. ಸೆಟ್‌ಗಳು ಉಳಿಯುತ್ತವೆ, ಪುಸ್ತಕಗಳು ಉಳಿಯುವುದು ಅಪರೂಪ. ರೇಡಿಯೊ ಇಟ್ಟುಕೊಂಡವರು ವರ್ಷವರ್ಷವೂ ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ನವೀಕರಿಸಬೇಕಿತ್ತು. 1980ರ ದಶಕದಲ್ಲಿ ಆ ಪದ್ಧತಿ ಹೋಯಿತು. ಖಾಲಿ ಪುಟವೂ ಸೇರಿ ಎಲ್ಲ ಪುಟಗಳನ್ನು ಫೋಟೊ ತೆಗೆಯಿರಿ. ಮಸುಕಾದ ಅಂಚೆ ಮೊಹರಿಗೆ ಬೆಳಕನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಒತ್ತಿದ ಗುರುತು ಎದ್ದು ಕಾಣುತ್ತದೆ. ಮೊದಲ ಮೊಹರಿನ ತಾರೀಕು ಸೆಟ್ ಮನೆಗೆ ಬಂದ ಕಾಲದ ಹತ್ತಿರಕ್ಕೆ ನಿಮ್ಮನ್ನು ಒಯ್ಯುತ್ತದೆ, ಅಜ್ಜನ ಬಳಿ ಇದಕ್ಕೂ ಹಿಂದೆ ಬೇರೊಂದು ರೇಡಿಯೊ ಇರಲಿಲ್ಲ ಎಂದು ಅಮ್ಮ ಹೇಳಿದರೆ ಮಾತ್ರ. ನಡುವೆ ಮೊಹರಿಲ್ಲದ ವರ್ಷಗಳಿದ್ದರೆ ಸೆಟ್ ಕೆಟ್ಟಿತ್ತೋ, ಶುಲ್ಕ ಕಟ್ಟುವುದು ಮರೆತಿತ್ತೋ, ಅದನ್ನೂ ಅವರನ್ನೇ ಕೇಳಬೇಕು. ಪುಸ್ತಕಕ್ಕೆ ಲ್ಯಾಮಿನೇಶನ್ ಬೇಡ, ಸೆಲ್ಲೊಟೇಪ್ ಬೇಡ. ಬಿಳಿ ಕಾಗದದ ಲಕೋಟೆ ಸಾಕು.

ಅಮ್ಮನ ಜೊತೆ ಕೂತು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿ, ಈ ವಾರವೇ. ‘ರೇಡಿಯೊ ಬಗ್ಗೆ ಹೇಳಿ’ ಎಂದರೆ ಎರಡು ಮಾತಿನಲ್ಲಿ ಮುಗಿಯುತ್ತದೆ. ಯಾರು ಎಲ್ಲಿಂದ ಹೊತ್ತು ತಂದರು, ಮನೆಗೆ ಕರೆಂಟು ಬಂದದ್ದು ಅದಕ್ಕೆ ಮುಂಚೆಯೋ ಆಮೇಲೋ, ಏರಿಯಲ್ ತಂತಿ ಯಾವ ಮರದಿಂದ ಯಾವ ಮರಕ್ಕೆ ಕಟ್ಟಿದ್ದರು, ಮುಟ್ಟಲು ಯಾರಿಗೆ ಅಪ್ಪಣೆ ಇತ್ತು, ರಿಪೇರಿಗೆ ಎಲ್ಲಿಗೆ ಒಯ್ಯುತ್ತಿದ್ದರು ಎಂದು ಕೇಳಿ. ಡಯಲಿನ ಫೋಟೊ ತೋರಿಸಿ ಮುಳ್ಳು ಎಲ್ಲಿ ನಿಲ್ಲುತ್ತಿತ್ತು ಎಂದು ಬೆರಳಿಡಿಸಿ. ರಿಪೇರಿಯ ವಿಚಾರ ಕೇಳಿದರೆ ಆ ಬಿಇಎಲ್ ವಾಲ್ವ್ ಬದಲಾದದ್ದರ ನೆನಪೂ ಹೊರಬರಬಹುದು.

ಪ್ಲಗ್ ಏಕೆ ಬೇಡ

‘ವಾಲ್ವ್ ಹೋಗಿರುತ್ತದೆ, ಸಿಗುವುದಿಲ್ಲ’ ಎಂಬ ನಂಬಿಕೆ ಎಲ್ಲೆಡೆ ಇದೆ. ನಿಜದಲ್ಲಿ ಇಂಥ ಸೆಟ್ಟಿನಲ್ಲಿ ಅತಿ ಗಟ್ಟಿ ವಸ್ತು ವಾಲ್ವೇ. ಕೆಡುವುದು ಕಾಗದದ ಕಂಡೆನ್ಸರ್. ಅದರಲ್ಲೂ ಒಂದನ್ನು ನೀವು ಕಣ್ಣಾರೆ ನೋಡಬೇಕು. ಚಾಸಿಯ ಕೆಳಗೆ ಇಬಿಸಿ81ರ ಆನೋಡಿನಿಂದ (ವಾಲ್ವ್‌ನೊಳಗೆ ಕರೆಂಟು ಬಂದು ಸೇರುವ ಲೋಹದ ತಟ್ಟೆ) ಇಎಲ್84ರ 2ನೇ ಪಿನ್ನಿಗೆ ಹೋಗುವ ಕಪ್ಪು ಕೊಳವೆ, ಸಾಮರ್ಥ್ಯ ಸುಮಾರು 0.01 ಮೈಕ್ರೊಫ್ಯಾರಡ್. ಮೇಲಿನ ಡಾಂಬರು ಬಿರಿದು, ತುದಿಯಲ್ಲಿ ಕರಗಿ ಬೊಟ್ಟಾಗಿ ನಿಂತಿರುತ್ತದೆ. ಅದರ ಒಂದು ಬದಿ ನೂರಕ್ಕೆ ಹತ್ತಿರದ ವೋಲ್ಟ್, ಇನ್ನೊಂದು ಬದಿ ಸೊನ್ನೆ ಇರಬೇಕು. ಕಾಗದ ತೇವ ಕುಡಿದು ಸೋರಿದರೆ ಇಎಲ್84ರ ಗ್ರಿಡ್ಡಿಗೆ (ಕರೆಂಟನ್ನು ಹಿಡಿತದಲ್ಲಿಡುವ ಜಾಲರಿ, 2ನೇ ಪಿನ್) ಪಾಸಿಟಿವ್ ವೋಲ್ಟೇಜ್ ಸಿಗುತ್ತದೆ, ವಾಲ್ವ್ ಎಳೆಯಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಎಳೆಯುತ್ತದೆ, ಅದರ ಆನೋಡ್ ಕೆಂಪಗೆ ಕಾಯುತ್ತದೆ, ಆಮೇಲೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೂದಲೆಳೆಯ ತಂತಿ ಸುಡುತ್ತದೆ. ಮೋಸವೇನೆಂದರೆ, ಅಲ್ಲಿಯವರೆಗೂ ರೇಡಿಯೊ ಚೆನ್ನಾಗಿಯೇ ಹಾಡುತ್ತಿರುತ್ತದೆ. ‘ನೋಡಿ, ಹಾಡಿತಲ್ಲ’ ಎಂದು ಎಲ್ಲರೂ ಕುಣಿದಾಡಿದ ಅರ್ಧ ಗಂಟೆಯಲ್ಲಿ ಟ್ರಾನ್ಸ್‌ಫಾರ್ಮರ್ ಹೋಗಿರುತ್ತದೆ. ಕೆಲವೇ ರೂಪಾಯಿಯ ಭಾಗ ಉಳಿಸಲು ಹೋಗಿ ಹುಡುಕಿದರೂ ಸಿಗದ ಭಾಗ ಕಳೆದುಕೊಂಡಂತೆ.

ಅದನ್ನು 10 ನ್ಯಾನೊಫ್ಯಾರಡ್, 630 ವೋಲ್ಟಿನ ಫಿಲ್ಮ್ ಕಂಡೆನ್ಸರ್‌ನಿಂದ ಬದಲಾಯಿಸಿ. ಮೇನ್ಸ್‌ಗೆ ಅಡ್ಡವಾಗಿ ಇರುವ ಕಂಡೆನ್ಸರನ್ನು ತೆಗೆದು, ಬೇಕಿದ್ದರೆ ಆ ಜಾಗಕ್ಕೆಂದೇ ಮಾಡಿದ ಎಕ್ಸ್2 ದರ್ಜೆಯದನ್ನು ಮಾತ್ರ ಹಾಕಿ. ಸಾಮಾನ್ಯ ಕಂಡೆನ್ಸರ್ ಅಲ್ಲಿ ಬೆಂಕಿ ಹಿಡಿಯಬಹುದು. ಕಪ್ಪು ಡಾಂಬರಿನವು, ಮೇಣದವು ಉಳಿದವೂ ಹೋಗಲಿ. ಆದರೆ ಸಾಸಿವೆ ಬಣ್ಣದ ಫಿಲಿಪ್ಸ್ ಕಂಡೆನ್ಸರ್‌ಗಳು, ಮೈಕಾ, ಸೆರಾಮಿಕ್ ಇದ್ದರೆ ಬಿಡಿ, ಅವು ಸಾಮಾನ್ಯವಾಗಿ ಚೆನ್ನಾಗಿರುತ್ತವೆ. ಎಲೆಕ್ಟ್ರೊಲಿಟಿಕ್ ಡಬ್ಬವನ್ನು ಜಾಗದಲ್ಲೇ ಬಿಟ್ಟು ಅದರ ತಂತಿ ಕಳಚಿ, 47 ಮೈಕ್ರೊಫ್ಯಾರಡ್ 450 ವೋಲ್ಟಿನ ಎರಡನ್ನು ಕೆಳಗೆ ಕೂರಿಸಿ. ‘ಹಮ್ ಕಡಿಮೆಯಾಗಲಿ’ ಎಂದು 100 ಅಥವಾ 220 ಹಾಕಬೇಡಿ. ಇಝಡ್80ರ ಎದುರಿನ ಮೊದಲ ಕಂಡೆನ್ಸರಿನ ಮಿತಿ 50 ಮೈಕ್ರೊಫ್ಯಾರಡ್. ದಾಟಿದರೆ ಪ್ರತಿ ಸಲ ಹಾಕಿದಾಗಲೂ ಎ.ಸಿ.ಯನ್ನು ಡಿ.ಸಿ. ಮಾಡುವ ಆ ರೆಕ್ಟಿಫೈಯರ್ ವಾಲ್ವ್ ಪೆಟ್ಟು ತಿನ್ನುತ್ತದೆ. ರಬ್ಬರ್ ಹೊದಿಕೆಯ ತಂತಿ ಮುಟ್ಟಿದರೆ ಪುಡಿಯಾಗುತ್ತಿದ್ದರೆ ಅದನ್ನೂ ಬದಲಿಸಬೇಕು.

ಇಷ್ಟನ್ನು ನೀವೇ ಮಾಡಬೇಕೆಂದು ಹೇಳುತ್ತಿಲ್ಲ. ಒಳಗೆ 250ರಿಂದ 300 ವೋಲ್ಟ್ ಡಿ.ಸಿ. ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ ಉಳಿದಿರುತ್ತದೆ. ದಾಖಲೆ, ಶುಚಿ, ಕರೆಂಟಿಲ್ಲದ ಮೀಟರ್ ಪರೀಕ್ಷೆ ನಿಮ್ಮದಾಗಲಿ. ಬೆಸುಗೆ ಮತ್ತು ಮೊದಲ ಕರೆಂಟು ವಾಲ್ವ್ ಸೆಟ್ ಗೊತ್ತಿರುವ ಹಿರಿಯ ಮೆಕ್ಯಾನಿಕ್ಕರ ಕೈಯಲ್ಲಾಗಲಿ. ಅವರಿಗೆ ಈ ಕೆಳಗಿನದನ್ನು ಓದಿ ಹೇಳಿ.

ವೋಲ್ಟೇಜ್ ಸೆಲೆಕ್ಟರನ್ನು ಅತಿ ಹೆಚ್ಚಿನ ಸ್ಥಾನಕ್ಕೆ ಇಡಿ. ಇಝಡ್80 ತೆಗೆದಿಟ್ಟು, 60 ವಾಟಿನ ತಂತಿ ಬಲ್ಬಿನ ಸೀರೀಸ್ ಬೋರ್ಡಿನ ಮೂಲಕ ಹಾಕಿ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು. ಬಲ್ಬ್ ಒಮ್ಮೆ ಬೆಳಗಿ ಮಂಕಾಗಬೇಕು. ಪೂರ್ತಿ ಬೆಳಗಿಯೇ ಇದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆರಿಸಿ. ಹೀಟರ್‌ಗಳು ಕೆಂಪಗಾದರೆ ಮುಂದಿನ ಸಲ ಇಝಡ್80 ಹಾಕಿ. ಎಲ್ಲ ಸರಿಯಿದ್ದು ನೇರ ಮೇನ್ಸ್‌ಗೆ ಹೋದ ಮೇಲೆ ಇಎಲ್84ರ 2ನೇ ಪಿನ್ನಿನಲ್ಲಿ ಸೊನ್ನೆ ಇರಬೇಕು. ಹೊಸ ಕಂಡೆನ್ಸರ್ ಹಾಕಿದ ಮೇಲೂ ಅರ್ಧ ಗಂಟೆ ಕಾದಾಗ ಪಾಸಿಟಿವ್ ಏರಿದರೆ ದೋಷ ವಾಲ್ವ್‌ನೊಳಗೇ ಇದೆ. 3ನೇ ಪಿನ್ನಿನ ಕ್ಯಾಥೋಡ್ ವೋಲ್ಟೇಜನ್ನು ಅಲ್ಲಿನ ರೆಸಿಸ್ಟರಿನ ಓಮ್‌ನಿಂದ ಭಾಗಿಸಿ. 7 ವೋಲ್ಟ್, 150 ಓಮ್ ಆದರೆ ಸುಮಾರು 47 ಮಿಲಿಆಂಪಿಯರ್, ಆರೋಗ್ಯ. 55 ದಾಟಿದರೆ ನಿಲ್ಲಿಸಿ ಕಾರಣ ಹುಡುಕಬೇಕು. ಈ ಅಂಕಿಗಳನ್ನೆಲ್ಲ ತಾರೀಕಿನ ಸಮೇತ ನೋಟ್‌ಬುಕ್ಕಿಗೆ ಬರೆಯಿಸಿ.

ಹಸಿರು ಕಣ್ಣು ಮಂಕಾಗಿದ್ದರೆ ಅದರ ಪರದೆಯ ಲೇಪ ಸವೆದಿದೆ ಅಷ್ಟೆ, ಹಾಡಿಗೆ ಅಡ್ಡಿಯಿಲ್ಲ.

ಬ್ಲೂಟೂತ್, ಪಾಲಿಶ್, ಒರಲೆ

ಒಳಗಿನದನ್ನು ಕಿತ್ತು ಕಿಟ್ ಕೂರಿಸಿದರೆ ಉಳಿಯುವುದು ರೇಡಿಯೊ ಅಲ್ಲ, ರೇಡಿಯೊದ ಪೆಟ್ಟಿಗೆ. ಮೊಬೈಲಿನ ಹಾಡೇ ಬೇಕೆಂದರೆ ಇನ್ನೊಂದು ದಾರಿಯಿದೆ. ಇಂಥ ಸೆಟ್‌ಗಳ ಹಿಂದೆ ಗ್ರಾಮಫೋನ್ ಜೋಡಿಸುವ ತೂತುಗಳು ಇರುವುದುಂಟು. ಅಲ್ಲಿಗೆ ಮೊಬೈಲಿನ ತಂತಿ ಕೊಟ್ಟರೆ ಅಜ್ಜನ ಇಎಲ್84, ಅಜ್ಜನ ಸ್ಪೀಕರ್ ಮೂಲಕವೇ ಹಾಡು ಬರುತ್ತದೆ, ಒಂದು ತಂತಿಯೂ ಕತ್ತರಿಸಬೇಕಿಲ್ಲ. ‘ಎ’ ಸೆಟ್ಟಿಗೆ ಮಾತ್ರ ಇದು. ‘ಯು’ ಸೆಟ್ಟಿಗೆ ಮೊಬೈಲ್ ಜೋಡಿಸಿದರೆ ಕಿವಿಗೂ ಕೈಗೂ ಮೇನ್ಸ್ ಬರುತ್ತದೆ.

ಮೀಡಿಯಂ ವೇವ್ ನಿಲಯಗಳು ಈಗ ಕಡಿಮೆಯಾಗುತ್ತಿವೆ. ನಿಮ್ಮಲ್ಲಿ ಯಾವುದು ಕೇಳುತ್ತದೆ ಎಂದು ಮೊದಲು ಒಂದು ಸಣ್ಣ ಟ್ರಾನ್ಸಿಸ್ಟರಿನಲ್ಲಿ ನೋಡಿಕೊಳ್ಳಿ, ಇಲ್ಲದಿದ್ದರೆ ಸರಿಯಿರುವ ಸೆಟ್ಟನ್ನೇ ಕೆಟ್ಟಿದೆ ಎಂದುಕೊಳ್ಳುತ್ತೀರಿ. ಹತ್ತು ಮೀಟರ್ ತಂತಿಯನ್ನು ಮನೆಯ ಹೊರಗೆ ಎತ್ತರಕ್ಕೆ ಕಟ್ಟಿ. ಮನೆಯ ಎಲ್‌ಇಡಿ ಬಲ್ಬು, ಚಾರ್ಜರು ಆರಿಸಿದರೆ ಗರಗರ ಎಷ್ಟು ಇಳಿಯುತ್ತದೆ ಎಂದು ಆಶ್ಚರ್ಯವಾದೀತು. ಬಿರುಮಳೆ, ಸಿಡಿಲಿನ ಕಾಲದಲ್ಲಿ ಆ ತಂತಿಯನ್ನು ಸೆಟ್ಟಿನಿಂದ ಕಳಚಿಡಿ.

ಪೆಟ್ಟಿಗೆಗೆ ಹೊಸ ಪಾಲಿಶ್ ಬೇಡ. ಬೂಷ್ಟು ಹಿಡಿದಿದ್ದರೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಒಣ ಬ್ರಷ್‌ನಿಂದ ತೆಗೆದು, ಗಾಳಿಯಾಡುವ ನೆರಳಿನಲ್ಲಿಡಿ. ಬಿಸಿಲಿಗಿಟ್ಟರೆ ವೆನೀರ್ ಏಳುತ್ತದೆ. ವಾಲ್ವ್‌ನ ಮೇಲ್ಭಾಗದಲ್ಲಿ ಪೆಟ್ಟಿಗೆಯ ಒಳಗೆ ಬೂದುಬಣ್ಣದ ಹಾಳೆ ಅಂಟಿಸಿದ್ದರೆ ಅದು ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಕೆರೆಯಬೇಡಿ, ಉಜ್ಜಬೇಡಿ. ಸ್ಪೀಕರಿನ ಬಟ್ಟೆ ತೊಳೆಯಬೇಡಿ, ಎಳೆ ಕುಗ್ಗಿ ಹರಿಯುತ್ತದೆ. ಕುಟ್ಟೆ ಹಿಡಿದ ತೂತಿನಿಂದ ಹೊಸ ಪುಡಿ ಬೀಳುತ್ತಿದೆಯೇ ಎಂದು ಕೆಳಗೆ ಕರಿ ಕಾಗದ ಹಾಸಿ ಒಂದು ವಾರ ನೋಡಿ. ಬೀಳುತ್ತಿದ್ದರೆ ಚಾಸಿ, ಸ್ಪೀಕರ್ ಎರಡನ್ನೂ ತೆಗೆದ ಮೇಲೆ ಮಾತ್ರ ಮರಕ್ಕೆ ಔಷಧಿ ಹಾಕಿ.

ಹಿಂದಿನ ರಟ್ಟನ್ನು, ಅರ್ಧವೇ ಇದ್ದರೂ, ಎಸೆಯಬೇಡಿ. ಅದರ ಅಳತೆಗೆ ಗಾಳಿತೂತುಗಳಿರುವ ಹೊಸ ರಟ್ಟು ಮಾಡಿಸಿ ಹಾಕಿ, ತೆರೆದ ಸೆಟ್ಟಿನೊಳಗೆ ಮಕ್ಕಳು ಕೈಹಾಕಬಾರದು. ಹಳೆಯದನ್ನು, ಬದಲಾಯಿಸಿದ ಪ್ರತಿ ಕಂಡೆನ್ಸರನ್ನು ಚೀಟಿ ಬರೆದ ಕವರಿನಲ್ಲಿ ನೋಟ್‌ಬುಕ್ಕಿನ ಜೊತೆಗಿಡಿ. ಡಾಂಬರಿನ ಕಂಡೆನ್ಸರ್ ಬೇಸಗೆಯಲ್ಲಿ ಕರಗುತ್ತದೆ, ಅದರ ಕವರು ಲೈಸೆನ್ಸ್ ಪುಸ್ತಕಕ್ಕೆ ತಾಗದಂತೆ ಬೇರೆ ಡಬ್ಬಿಯಲ್ಲಿರಲಿ.